ಪ್ಲಾಸ್ಟಿಕ್ ಆಮೆಯ ಉದ್ಘಾಟನೆ

ಕಡಲಾಮೆಗಳ ಉದ್ಧಾರಕ್ಕೆಂದೇ ತಾನು ಹುಟ್ಟಿದವಳೆಂದು ಆ ಸಂಜೆಯವರೆಗೂ ನಂಬಿದ್ದಾಗಿ ಪ್ರಫುಲ್ಲಾ ಈಗಲೂ ನಗುತ್ತ ಹೇಳುತ್ತಾಳೆ. ದಡಕ್ಕೆ ಬಂದು ಬಿದ್ದ ಬಾಟಲಿ, ಚಪ್ಪಲಿ, ಹರಿದ ಬಲೆಗಳನ್ನೆಲ್ಲ ಆಯ್ದು ಅವಳು ಆನೆಗಾತ್ರದ ಆಮೆಯೊಂದನ್ನು ಕಟ್ಟಿ, ಅದರ ಹೊಟ್ಟೆ ತುಂಬ ದೀಪಗಳನ್ನು ಇಟ್ಟಿದ್ದಳು. ಕತ್ತಲಾಗುತ್ತಲೇ ಅದು ಮರಳಿನ ಮೇಲೆ ಜಗಮಗಿಸತೊಡಗಿತು. ಕನ್ನಡಿಯೆದುರು ನಿಂತು ಅಭ್ಯಾಸ ಮಾಡಿದ ವಿನಯದ ನಗುವನ್ನು ಮುಖಕ್ಕೆ ತಂದುಕೊಂಡು ಅವಳು ಉದ್ಘಾಟಕರ ದಾರಿ ಕಾಯುತ್ತಿದ್ದಳು.

ಅವರ ಕಾರು ರಸ್ತೆಯ ತಿರುವಿನಲ್ಲಿ ಕಾಣಿಸಿತು. ಅದೇ ಗಳಿಗೆಗೆ ಕರೆಂಟು ಹೋಯಿತು.

“ಜನರೇಟರ್ ಹಚ್ಚಿ!” ಎಂದು ಪ್ರಫುಲ್ಲಾ ಗಂಡನಿಗೆ ಕೂಗಿದಳು.

ಗಂಡ ಸದಾನಂದ ಜನರೇಟರಿನ ಹಗ್ಗ ಹಿಡಿದವನು ಎಳೆಯಲೇ ಇಲ್ಲ. ಬಗ್ಗಿ ಮರಳನ್ನು ನೋಡುತ್ತ ನಿಂತ.

“ಎಂತ ನೋಡ್ತಿದ್ದೀರಿ? ಎಳೀರಿ ಮಾರಾಯ್ರೆ, ನನ್ನ ಮರ್ಯಾದೆ ಹೋಗ್ತದೆ!”

“ಎಳೆಯೂದಿಲ್ಲ.”

“ನಿಮಗೆ ಹೊಟ್ಟೆಕಿಚ್ಚಾ? ಆಮೆಗಳಿಗೋಸ್ಕರ ನಾನು ಇಷ್ಟೆಲ್ಲ ಮಾಡಿದ್ದು ಕಾಣ್ತಿಲ್ವಾ?”

“ಕಾಣ್ತದೆ. ನೀನು ಅಲ್ಲೇ ನಿಲ್ಲು, ಕಾಲು ಮಾತ್ರ ಎತ್ತಬೇಡ.”

“ಎಲ್ಲಮ್ಮಾ ನಿಮ್ಮ ಆಮೆ?” ಎಂದು ಕಾರಿನಿಂದ ಇಳಿದ ಉದ್ಘಾಟಕರು ದೂರದಿಂದಲೇ ಕೇಳಿದರು.

ಪ್ರಫುಲ್ಲಾ ಕಾಲೆತ್ತದೆ ಬಗ್ಗಿ ನೋಡಿದಳು. ಅವಳ ಕಾಲಬಳಿ, ಅಷ್ಟು ಹೊತ್ತೂ ಅವಳ ದೀಪಗಳನ್ನೇ ಸಮುದ್ರವೆಂದು ನಂಬಿ ತೆವಳಿ ಬಂದಿದ್ದ ಆಗತಾನೆ ಹುಟ್ಟಿದ ಆಮೆಮರಿಗಳು, ಬೆಳದಿಂಗಳಲ್ಲಿ ಒಂದೊಂದಾಗಿ ನೀರಿನ ಕಡೆಗೆ ತಿರುಗುತ್ತಿದ್ದವು.