ಒಂದು ಲೋಟ ತೆಳಿ

"ಕಾಲು ಕಿಲೋ ಜಾಸ್ತಿ ಬಂತ್ ಮಾಸ್ಟ್ರೇ." ತೂಕದ ಕೋಣೆಯಿಂದ ಹೊರಬಂದ ಚಂದನಾಳ ಮುಖ ಬಾಡಿತ್ತು.

ತರಬೇತಿ ಕೊಟ್ಟ ರತ್ನಾಕರ ಮಾಸ್ಟ್ರು ಗಡಿಯಾರ ನೋಡಿಕೊಂಡರು. ಬ್ರಹ್ಮಾವರದ ಈ ಭಾರ ಎತ್ತುವ ಸ್ಪರ್ಧೆಯಲ್ಲಿ ಮೊದಲು ಬಂದವಳೊಬ್ಬಳೇ ರಾಜ್ಯಮಟ್ಟಕ್ಕೆ ಹೋಗುವವಳು. ಆದರೆ ತನ್ನ ವರ್ಗಕ್ಕೆ ಗೊತ್ತುಮಾಡಿದ ಮೈತೂಕ ಮೀರಿದರೆ ಕಬ್ಬಿಣ ಮುಟ್ಟಲೂ ಬಿಡುವುದಿಲ್ಲ. ಅದಕ್ಕೇ ಹುಡುಗಿಗೆ ನಿನ್ನೆ ಮಧ್ಯಾಹ್ನದಿಂದ ಅನ್ನ, ನೀರು ಎರಡೂ ಬಂದ್ ಆಗಿತ್ತು.

"ಖರೆ ಹೇಳ್, ಎಂತ ತಿಂದೆ?"

ಉತ್ತರ ಕೊಟ್ಟವಳು ತಾಯಿ ಜಲಜ. ಹಂಗಾರಕಟ್ಟೆಯಲ್ಲಿ ಮೀನು ಮಾರುವವಳು, ಇವತ್ತು ಬುಟ್ಟಿಗೆ ರಜೆ ಕೊಟ್ಟು ಬಂದಿದ್ದಳು. "ತಿಂಬುಕೆ ಎಂತದೂ ಕೊಡ್ಲಿಲ್ಲೆ. ಹೊರ್ಡುವತ್ತಿಗೆ ಒಂದ್ ಲೋಟ ಗಂಜಿ ತೆಳಿ ಕುಡ್ಸಿದೆ, ಅಷ್ಟೇ. ಬರೀ ಹೊಟ್ಟೆಯಂಗ್ ಹೊಸ್ಲ್ ದಾಟ್ಸುಕಾತ್ತಾ? ತೆಳಿ ಅಂದ್ರೆ ನೀರಲ್ದಾ? ಅದಕ್ಕೆಂತ ತೂಕ?"

"ನೀರಿಗೂ ತೂಕ ಇತ್ತ್ ಜಲಜಕ್ಕ!" ಮಾಸ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತೂಕದ ಕೋಣೆ ಮುಚ್ಚಲು ಅರ್ಧ ಗಂಟೆ ಉಳಿದಿತ್ತು. ಮಾಸ್ಟ್ರು ತಮ್ಮ ಬೈಕಿನ ಮಳೆಕೋಟು ತೊಡಿಸಿ, ಬೆವರಿಳಿಯಲೆಂದು ಅವಳನ್ನು ಮೈದಾನದಲ್ಲಿ ಓಡಿಸಿದರು. ಸ್ವಲ್ಪ ಹೊತ್ತಿಗೇ ಚಂದನಾ ಬಿಸಿಲಲ್ಲಿ ಕುಸಿದು ಕೂತಳು. "ನಂಗಿನ್ ಆತಿಲ್ಲೆ ಅಮ್ಮ."

ಜಲಜ ಚಪ್ಪಲಿ ಬಿಟ್ಟಳು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಓಡತೊಡಗಿದಳು. "ಬಾ ಮಗಾ, ನನ್ ಬೆನ್ನಿಗ್ ಬಾ!" ಐವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ಕಂಡು ಮೊದಲು ಕಿಸಕ್ಕೆಂದ ಹುಡುಗರು ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿದರು. ಮಗಳು ಎದ್ದಳು. ಮುಂದೆ ಅಮ್ಮ, ಹಿಂದೆ ಮಗಳು.

ಈ ಸಲ ತೂಕ ಸರಿಬಂತು. ಇನ್ನು ಎತ್ತುವವರೆಗೆ ಎಷ್ಟು ತಿಂದರೂ ಕೇಳುವವರಿಲ್ಲ. ಜಲಜ ಅನ್ನ ಕಲಸಿ ಮಗಳ ಬಾಯಿಗೆ ತುತ್ತಿಡುತ್ತ ಕೂತಳು. ಮಾಸ್ಟ್ರು ತಾಯಿಗೂ ಒಂದು ಬಾಳೆಹಣ್ಣು ಚಾಚಿದರು.

"ನಂಗೆ ಕಡೆಗೆ."

ಚಂದನಾ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದಳು: "ನಾ ಊಟ ಬಿಟ್ಟಾಗಿಂದ ಅಮ್ಮನೂ ಉಣ್ಲಿಲ್ಲೆ ಮಾಸ್ಟ್ರೇ."

ಮಾಸ್ಟ್ರು ಜಲಜಳ ಕಡೆ ತಿರುಗಿದರು. ಅಷ್ಟು ಹೊತ್ತು ಬಿಸಿಲಲ್ಲಿ ಮುಂದೆ ಓಡಿದ್ದು ಒಂದು ದಿನದ ಉಪವಾಸದ ಹೊಟ್ಟೆ! ತಮ್ಮ ಜೀವಮಾನದಲ್ಲಿ ಇಂಥ ಗಟ್ಟಿ ಆಳನ್ನು ಅವರು ಕಂಡಿರಲಿಲ್ಲ.

ಮಧ್ಯಾಹ್ನ ಚಂದನಾ ಕೊನೆಯ ಭಾರವನ್ನು ತಲೆಯ ಮೇಲೆ ಎತ್ತಿ ಅಲುಗಾಡದೆ ನಿಂತಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಸದ್ಯಕ್ಕೆ ಅವಳೇ ಮೊದಲು. ಆದರೆ ಇಬ್ಬರು ಹುಡುಗಿಯರು ಅವಳಿಗಿಂತ ಹೆಚ್ಚಿನ ಭಾರ ಕೇಳಿದ್ದರು. ಇಬ್ಬರಲ್ಲಿ ಒಬ್ಬಳು ಎತ್ತಿದರೂ ಚಂದನಾ ರಾಜ್ಯಮಟ್ಟಕ್ಕಿಲ್ಲ. ಅವರ ಕೈ ಜಾರಲೆಂದು ಮಾಸ್ಟ್ರು ಮನಸ್ಸಿನಲ್ಲೇ ಹರಕೆ ಹೇಳಿಕೊಂಡರು. ಪಕ್ಕದಲ್ಲಿ ಜಲಜ ಇನ್ನೂ ಬರೀ ಹೊಟ್ಟೆಯಲ್ಲಿದ್ದಳು.

"ಮಗಳದ್ದ್ ಮುಗೀತಲೆ, ಇನ್ನಾರೂ ಉಣ್ಣಿ ಜಲಜಕ್ಕ."

"ಕಡಲಿಗ್ ಹೋದ ದೋಣಿ ದಡಕ್ಕೆ ಬಪ್ಪಲ್ಲಿವರೆಗೆ ನಮ್ಮಲ್ಲಿ ಹೆಂಗ್ಸ್ರ್ ಉಂಬುದಿಲ್ಲೆ ಮಾಸ್ಟ್ರೇ."

"ನಿಮ್ ದೋಣಿ ಬಂತಲೆ!"

ಜಲಜ ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. ಮುಂದಿನ ಹುಡುಗಿ ಕೈ ಜಾರದಿರಲೆಂದು ಬಿಳಿ ಪುಡಿ ಉಜ್ಜಿಕೊಳ್ಳುತ್ತಿದ್ದಳು.

"ನಮ್ದೊಂದ್ ಬಂದ್ರೆ ಸಾಕಾ? ಪಾಪ, ಆ ಎರಡ್ ಮಕ್ಳ್ ಇನ್ನೂ ಕಡಲೊಳ್ಗೇ ಇತ್ತಲೆ" ಎನ್ನುತ್ತ ಅವಳು ಎರಡೂ ಕೈ ಜೋಡಿಸಿದಳು.