ಅರ್ಧ ನಂಗೆ, ಅರ್ಧ ನಿಂಗೆ

ಕಾರ್ಯಕ್ರಮ ಮುಗಿದ ಕೂಡಲೇ ಆರ್ಕೆಸ್ಟ್ರಾದವರ ಕೋಣೆಗೆ ಎಂದಿನಂತೆ ಅವರವರ ಮನೆಯವರು ಬಂದರು. ನೋಯುವ ಜಾಗದ ಮೇಲೆ ಯಾರಾದರೂ ಅಂಗೈ ಇಟ್ಟರೆ ನೋವಿನಲ್ಲಿ ಅವರು ಬಯಸಿದಷ್ಟು ಪಾಲು ಅವರಿಗೆ ಹೋಗುತ್ತಿದ್ದ ಕಾಲ ಅದು. ಕ್ಲಾರಿನೆಟ್‌ನವನ ತುಟಿಯ ಮೇಲೆ ಹೆಂಡತಿ ಕೈಯಿಟ್ಟು, ಮಕ್ಕಳ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು.

ವಾರಿಜಾ ಗೋಡೆಯತ್ತ ತಿರುಗಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟಳು. ವರ್ಷಗಟ್ಟಲೆ ಅದನ್ನು ಗದ್ದದಡಿ ಒತ್ತಿಹಿಡಿದು ಅವಳ ಎಡ ದವಡೆ ಕೆಟ್ಟಿತ್ತು. ದಿನಾ ಸಂಜೆ ಗಂಡ ಸುಧಾಕರ ಅಲ್ಲಿ ಕೈಯಿಟ್ಟು, "ಅರ್ಧ ನಂಗೆ, ಅರ್ಧ ನಿಂಗೆ" ಎನ್ನುತ್ತಿದ್ದ. ಈ ಬೇಸಿಗೆಯಲ್ಲಿ ಅವನು ತೀರಿಕೊಂಡ. ಆಮೇಲೆ ಅವಳು ಗಂಜಿಯನ್ನಷ್ಟೇ ಕುಡಿಯುತ್ತಿದ್ದಳು, ಆಕಳಿಸಲೂ ಹೆದರುತ್ತಿದ್ದಳು.

"ವಾರಿಜಕ್ಕ, ಇವತ್ತು ನಾನು ತಗೊಳ್ತೀನಿ," ಎನ್ನುತ್ತ ಕೊಳಲಿನ ಫ್ಲೋರಿನ್ ಬಂದು ಅವಳ ಕೆನ್ನೆಗೆ ಅಂಗೈ ಇಟ್ಟಳು. ಮರುಕ್ಷಣವೇ ಕೈ ಹಿಂದಕ್ಕೆಳೆದು ತನ್ನ ಕೆನ್ನೆ ಹಿಡಿದುಕೊಂಡಳು.

"ಇಷ್ಟೊಂದು ಹೇಗೆ ತಡ್ಕೊತೀರಿ ಅಕ್ಕ?"

"ಅವರು ಹೋದ್ಮೇಲೆ ಎರಡರಷ್ಟಾಗುತ್ತೆ ಅಂದ್ಕೊಂಡಿದ್ದೆ. ನಾಲ್ಕರಷ್ಟಾಯ್ತು. ದವಡೆ ಇನ್ನೂ ಕೆಟ್ಟಿರಬೇಕು ಅಂತ ಡಾಕ್ಟರಿಗೆ ತೋರಿಸ್ದೆ. ಹೊಸದೇನೂ ಇಲ್ಲ, ಮೊದಲಿಂದ ಹೀಗೇ ಇದೆ ಅಂದ್ರು."

ಫ್ಲೋರಿನ್‌ಗೆ ಅರ್ಥವಾಯಿತು. "ಅಂದ್ರೆ ಅವರು ತಗೊಳ್ತಿದ್ದಿದ್ದು ಅರ್ಧ ಅಲ್ಲ."

"ಅಲ್ಲ. ಒಂದು ದಿನವೂ ಬಾಯಿ ಬಿಡ್ಲಿಲ್ಲ."

ಫ್ಲೋರಿನ್ ಮತ್ತೆ ಕೈ ಎತ್ತಿದಳು. ವಾರಿಜಾ ಅದನ್ನು ಮೆಲ್ಲಗೆ ತಡೆದಳು.

"ಇವತ್ತು ಬೇಡಮ್ಮ. ಅವರು ಎಷ್ಟು ನೋವು ಹೊತ್ಕೊಂಡಿದ್ರು ಅಂತ ಈಗಷ್ಟೇ ಗೊತ್ತಾಗ್ತಿದೆ."

ಪೆಟ್ಟಿಗೆ ಹೆಗಲಿಗೇರಿಸಿ, ಹಲ್ಲಿಗೆ ಹಲ್ಲು ತಾಕದಂತೆ ಬಾಯಿ ತುಸು ತೆರೆದುಕೊಂಡು, ಅವಳು ಒಬ್ಬಳೇ ಬಸ್ ನಿಲ್ದಾಣದ ಕಡೆ ನಡೆದಳು.