ಮೂವತ್ತಾರನೇ ಮನೆಯ ಊಟ

"ಬೆಳಿಗ್ಗೆ ಮುದ್ದೆ, ಸೊಪ್ಪಿನ ಸಾರು ಉಂಡೆ ಕಣಪ್ಪ" ಎಂದ ಮುದುಕಿ ವನಜಮ್ಮ, ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ ಮೆಡಿಕಲ್ ವಿದ್ಯಾರ್ಥಿ ಪಟ್ಟಾಭಿರಾಮನನ್ನೇ ನೋಡುತ್ತ ಕೇಳಿದಳು: "ನೀನೇನ್ ಉಂಡೆ ಮಗ?"

ಪೆನ್ಸಿಲ್ ನಿಂತಿತು. ಜನರ ಊಟದ ಸಂಶೋಧನೆಗೆಂದು ಹಾಗಲವಾಡಿಗೆ ಬಂದು, ಶಾಲೆಯ ಕೋಣೆಯಲ್ಲಿ ಒಬ್ಬನೇ ಬಿಡಾರ ಹೂಡಿ ಹನ್ನೆರಡು ದಿನವಾಗಿತ್ತು. ಈ ಪ್ರಶ್ನೆಯನ್ನು ಅವನು ಮನೆಮನೆಯಲ್ಲೂ ಕೇಳಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವನ ಹೊಟ್ಟೆಗೆ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ.

"ಉಪ್ಪಿಟ್ಟು ತಿಂದೆನಮ್ಮ, ಹೊಟ್ಟೆ ತುಂಬಾ."

ವನಜಮ್ಮ ಅವನ ಒಣಗಿದ ತುಟಿ ನೋಡಿ ನಕ್ಕಳು. "ನಾನೂ ಹಂಗೇ ಹೇಳ್ದೆ ಬುಡು."

ಅವನು 1958ರ ಆ ಡೈರಿಯ ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಮೂವತ್ತೈದು ಮನೆಗಳಲ್ಲೂ ಮುದ್ದೆ, ಸೊಪ್ಪಿನ ಸಾರು.